ಟಪಾಲಪೇಠದ ಕರಡುಗಳು

ಪುಣೆಯಲ್ಲಿ ಪೇಠಗಳಿಗೇನೂ ಬರವಿಲ್ಲ. ವಾರದ ಏಳು ದಿನಗಳ ಹೆಸರಿನಲ್ಲಿ ಏಳು ಪೇಠಗಳಿವೆ. ಅವು ಸಾಲದೆಂದು ಸದಾಶಿವ, ನಾರಾಯಣ, ಕಸಬಾ ಅಂತ ಮತ್ತಷ್ಟಿವೆ. ಇಷ್ಟಿದ್ದರೂ ಪ್ರಲ್ಹಾದರಾಯರಿಗೆ ಇನ್ನೊಂದು ಬೇಕೆನಿಸಿತು. 2000ನೇ ಇಸವಿಯಲ್ಲಿ ಸದಾಶಿವ ಪೇಠದ ಹಳೆಯ ವಾಡೆಯೊಂದರ ಎರಡನೆಯ ಮಹಡಿಯಲ್ಲಿ ನಾಲ್ಕು ಕಂಪ್ಯೂಟರು ಇಟ್ಟುಕೊಂಡು ‘ಟಪಾಲಪೇಠ’ ಎಂಬ ಪುಕ್ಕಟೆ ಇ-ಮೇಲ್ ಸೇವೆ ಶುರು ಮಾಡಿಯೇ ಬಿಟ್ಟರು. ಕೆಳಗೆ ಹಪ್ಪಳ ಸಂಡಿಗೆಯ ಅಂಗಡಿ, ಮಾಡಿನ ಮೇಲೆ ಪಾರಿವಾಳಗಳು, ನಡುವೆ ಇಂಟರ್ನೆಟ್ಟು.

ಸೇವೆ ಪುಕ್ಕಟೆಯಾದರೂ ಕಳಪೆಯೇನಲ್ಲ. ಕನ್ನಡದಲ್ಲೂ ಮರಾಠಿಯಲ್ಲೂ ಪತ್ರ ಬರೆಯಬಹುದಿತ್ತು. ಪರದೆಯ ಮೇಲೇ ಅಕ್ಷರಗಳು ಸಾಲಾಗಿ ಕಾಣುತ್ತಿದ್ದವು, ಒಂದೊಂದರ ಮೇಲೂ ಮೌಸ್ ಒತ್ತುತ್ತ ಹೋದರೆ ಸಾಕು, ಇಂಗ್ಲಿಷಿನ ಗಂಧಗಾಳಿ ಇಲ್ಲದವರೂ ಕಾಗದ ಬರೆಯಬಹುದು. ಒಬ್ಬೊಬ್ಬರಿಗೆ ಮೂರು ಎಂಬಿ ಜಾಗ. ಆ ಕಾಲಕ್ಕೆ ಅದೇ ದೊಡ್ಡ ಮಾತು.

ಕನ್ನಡದ ಭಾಗವನ್ನೆಲ್ಲ ಕಟ್ಟಿದವಳು ತ್ರಿವೇಣಿ. ವಿಜಾಪುರದವಳು. ಅಪ್ಪನಿಗೆ ಮಾರ್ಕೆಟ್ ಯಾರ್ಡಿನ ದಲಾಲಿ ಅಂಗಡಿಯಲ್ಲಿ ಕಾರಕೂನಿಕೆ. ಬೇಡದ್ದನ್ನು ಬಿಸಾಡುವುದರಲ್ಲಿ ತ್ರಿವೇಣಿಯದು ಎತ್ತಿದ ಕೈ. ಮನೆಯಲ್ಲಿ ನಿನ್ನೆಯ ಪೇಪರ್ ಇವತ್ತು ಸಿಗುತ್ತಿರಲಿಲ್ಲ, ಅಪ್ಪ ಅರ್ಧ ಓದಿಟ್ಟ ಪಂಚಾಂಗವನ್ನೂ ಒಮ್ಮೆ ರದ್ದಿಗೆ ಹಾಕಿ ಬೈಸಿಕೊಂಡಿದ್ದಳು. ಸ್ವಚ್ಛವಾಗಿರುವುದು ತಪ್ಪಲ್ಲ ನಿಜ. ಆದರೆ ಯಾವುದು ಕಸ ಎಂದು ತೀರ್ಮಾನಿಸುವಾಗ ಅವಳು ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ. ಅದೊಂದು ಅವಳ ಗುಣ.

ನಾಲ್ಕು ವರ್ಷ ಹೇಗೋ ಸಾಗಿತು. 2004ರ ಏಪ್ರಿಲ್‌ನಲ್ಲಿ ಅಮೆರಿಕದ ದೊಡ್ಡ ಕಂಪನಿಯೊಂದು ಒಬ್ಬೊಬ್ಬರಿಗೆ ಒಂದು ಜಿಬಿ, ಅಂದರೆ ಸಾವಿರ ಎಂಬಿ, ಪುಕ್ಕಟೆ ಕೊಡುತ್ತೇನೆಂದು ಸಾರಿತು. ಪ್ರಲ್ಹಾದರಾಯರು ಆ ಸುದ್ದಿಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದರು.

“ಏಪ್ರಿಲ್ ಒಂದನೇ ತಾರೀಖಿನ ಚೇಷ್ಟಾ ಅಂತ ಮಾಡಿದ್ದೆ. ಖರೇನೇ ಅದ ಅಂತ್ರಿ ತ್ರಿವೇಣಿ. ಅವರು ಸಾವಿರ, ನಾವು ಮೂರು. ಜನ ಯಾಕ್ರೀ ಇರತಾರ ನಮ್ಮ ಕಡೆ?”

“ಕನ್ನಡ ಅದಲ್ರಿ ಸರ್.”

“ಅದ, ಇಲ್ಲ ಅನ್ನಂಗಿಲ್ಲ. ಆದ್ರ ಹತ್ತಾದರೂ ಕೊಡಬೇಕಲ್ಲ? ಮೂರು ಎಂಬಿ ಅಂತ ಹೇಳಲಿಕ್ಕೆ ನನಗs ಲಾಜ್ ಆಗ್ತದ.”

ಹತ್ತು ಕೊಡಲು ಜಾಗ ಬೇಕು. ಹೊಸ ಡಿಸ್ಕ್ ತರುವ ಮಾತು ತೆಗೆದರೆ ಪ್ರಲ್ಹಾದರಾಯರಿಗೆ ಕೆಮ್ಮು ಬರುತ್ತಿತ್ತು. ಹಾಗಾಗಿ ಇದ್ದ ಜಾಗ ಎಲ್ಲಿ ಹೋಗುತ್ತಿದೆಯೆಂದು ತ್ರಿವೇಣಿ ಹುಡುಕಲು ಕೂತಳು. ಹುಡುಕಿದಾಗ ಕಂಡದ್ದು ಕರಡುಗಳು. ಪತ್ರ ಬರೆಯುತ್ತಿರುವಾಗ ನಡುವೆ ಎದ್ದು ಹೋಗಬೇಕಾದರೆ ‘ಕರಡು’ ಎಂಬ ಗುಂಡಿ ಒತ್ತಬೇಕು. ಆಗ ಪತ್ರ ಯಾರಿಗೂ ಹೋಗದೆ ಅಲ್ಲೇ ಕೂತಿರುತ್ತದೆ, ಮುಂದೆಂದಾದರೂ ತೆಗೆದು ಮುಗಿಸಿ ಕಳಿಸಬಹುದು. ಅಂಥ ಅರ್ಧಂಬರ್ಧ ಪತ್ರಗಳು ಡಿಸ್ಕಿನ ಕಾಲುಭಾಗವನ್ನು ತುಂಬಿಕೊಂಡಿದ್ದವು. ತ್ರಿವೇಣಿಗೆ ಮೈಯೆಲ್ಲ ತುರಿಸಿದಂತಾಯಿತು. ಎರಡು ತಿಂಗಳು ಯಾರೂ ಕೈ ಹಾಕದ ಪತ್ರವನ್ನು ಇನ್ನು ಯಾರು ಮುಗಿಸುತ್ತಾರೆ, ಯಾರು ಕಳಿಸುತ್ತಾರೆ? ಹೀಗೆ ಕೇಳಿಕೊಂಡು ತಾನೇ ಉತ್ತರ ಹೇಳಿಕೊಂಡಳು. ಅರವತ್ತು ದಿನಗಳಿಂದ ಬದಲಾಗದ ಕರಡುಗಳನ್ನೆಲ್ಲ ಅಳಿಸುವ ಪ್ರೋಗ್ರಾಮ್ ಬರೆದಳು. ಹದಿನೈದು ದಿನ ಮೊದಲ ಪುಟದಲ್ಲಿ ಸಣ್ಣಕ್ಷರದ ಸೂಚನೆ ಹಾಕಿದ್ದಾಯಿತು. ಒಂದು ಭಾನುವಾರ ಪ್ರೋಗ್ರಾಮ್ ಓಡಿಸಿದ್ದೂ ಆಯಿತು.

ಡಿಸ್ಕು ಹಗುರಾಯಿತು. ಎಲ್ಲರಿಗೂ ಹತ್ತು ಎಂಬಿ ಸಿಕ್ಕಿತು. ಪ್ರಲ್ಹಾದರಾಯರು ಖುಷಿಯಿಂದ ಬಾಕರವಡಿ ತರಿಸಿದರು. ಮೂರು ವಾರ ಕಳೆದರೂ ಒಂದು ತಕರಾರು ಬರಲಿಲ್ಲ. ನೋಡಿ, ಕಸವೇ ಆಗಿತ್ತು ಎಂದು ತ್ರಿವೇಣಿ ಒಳಗೊಳಗೇ ಹಿಗ್ಗಿದಳು.

ನಾಲ್ಕನೆಯ ವಾರದ ಗುರುವಾರ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನಲವತ್ತರ ಆಚೀಚೆ ವಯಸ್ಸು. ಹಸಿರು ಸೀರೆ, ಬೆವೆತ ಮುಖ, ಕೈಯಲ್ಲಿ ಮಡಚಿ ಮಡಚಿ ಬಟ್ಟೆಯಂತಾದ ಚೀಟಿ.

“ಟಪಾಲಪೇಠ ಅಂದ್ರ ಇದೇ ಏನ್ರಿ?” ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದಳು.

“ಹೌದ್ರಿ. ಬರ್ರಿ, ಒಳಗ ಬರ್ರಿ.”

“ಅಯ್ಯ, ಕನ್ನಡ ಮಾತಾಡ್ತೀರಿ! ಮನಪಾ ಬಸ್ ಸ್ಟ್ಯಾಂಡಿಗಿ ಇಳದು ಟಪಾಲಪೇಠ ಎಲ್ಲದ ಅಂತ ಕೇಳಿದ್ರ ಎರಡು ಕಡಿ ಪೋಸ್ಟಾಫೀಸಿಗಿ ಕಳಸಿದ್ರು ನೋಡ್ರಿ. ಇಂಥ ಪೇಠನೇ ಇಲ್ಲ ಅಂದ್ರು.”

ಹೆಸರು ಶರಣಮ್ಮ. ಕಲಬುರಗಿ ಕಡೆಯವಳು. ಭೋಸರಿಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಎಣ್ಣೆ ಒರೆಸಿ ಜೋಡಿಸುವ ಕೆಲಸ. ಅಲ್ಲಿ ಗುರುವಾರ ಸೂಟಿಯಾದ್ದರಿಂದ ಇವತ್ತು ಬಂದಿದ್ದಳು. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ನೇರವಾಗಿ ಮಾತಿಗೆ ಬಂದಳು.

“ನಮ್ಮ ಪೆಟಗ್ಯಾಗಿನ ಪತ್ರ ಹೋಗ್ಯಾವ್ರಿ ಮ್ಯಾಡಂ. ಎಲ್ಲಾ ಅಲ್ಲ. ಬರೇ ನಮ್ಮ ಮನಿಯವರು ಬರದವು.”

ತ್ರಿವೇಣಿ ಚೀಟಿಯಲ್ಲಿದ್ದ ವಿಳಾಸ ಹಾಕಿ ಖಾತೆಯ ಲೆಕ್ಕ ನೋಡಿದಳು. ಪತ್ರಗಳನ್ನು ಓದುವಂತಿಲ್ಲ, ಎಷ್ಟು ಬಂದವು, ಎಷ್ಟು ಹೋದವು, ಖಾತೆಯನ್ನು ಯಾವಾಗ ತೆರೆದರು ಎಂಬುದಷ್ಟೇ ಕಾಣುತ್ತಿತ್ತು. ಬಂದದ್ದು ಒಂದು, ಮೂರು ವರ್ಷದ ಹಿಂದೆ ಟಪಾಲಪೇಠವೇ ಕಳಿಸಿದ ಸ್ವಾಗತಪತ್ರ. ಕಳಿಸಿದ್ದು ಸೊನ್ನೆ. ಪಾಪ, ಈಕೆಗೆ ಏನೋ ತಪ್ಪು ತಿಳುವಳಿಕೆ ಎಂದುಕೊಂಡಳು.

“ಅಕ್ಕಾರ, ನೀವು ಇಲ್ಲಿಂದ ಒಂದೂ ಪತ್ರ ಕಳಿಸೇ ಇಲ್ಲಲ್ರಿ.”

“ಕಳಸೂದ್ಯಾಕ್ರಿ?” ಶರಣಮ್ಮನಿಗೇ ಆಶ್ಚರ್ಯ. “ಪೆಟಗಿ ಒಂದೇ ಅದಲ್ರಿ. ಮಗಳು ಕಲಬುರಗ್ಯಾಗ ತೆಗೀತಾಳ, ನಾವು ಭೋಸರ್ಯಾಗ ತೆಗೀತೀವಿ. ನಾವು ಇಟ್ಟಿದ್ದು ಆಕಿ ಓದತಾಳ, ಆಕಿ ಇಟ್ಟಿದ್ದು ನಾವು ಓದತೀವಿ. ರೊಟ್ಟಿ ಬುಟ್ಟ್ಯಾಗ ಇಟ್ಟಂಗ. ಮನಿ ಮಂದಿಗಿ ಯಾರರೆ ರೊಟ್ಟಿ ಪಾರ್ಸಲ್ ಮಾಡ್ತಾರೇನ್ರಿ?”

ತ್ರಿವೇಣಿಯ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಆಮೇಲೆ ಒಂದೊಂದೇ ಕೇಳುತ್ತ ಹೋದ ಹಾಗೆ ಎಲ್ಲ ತಿಳಿಯಿತು.

ಶರಣಮ್ಮನ ಗಂಡ ಅಂಬಾರಾಯ ಹಿಂಜವಾಡಿಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಕಂಪ್ಯೂಟರ್ ಕಂಪನಿಗಳ ದೊಡ್ಡ ದೊಡ್ಡ ಕಟ್ಟಡಗಳ ಸ್ಲ್ಯಾಬಿಗೆ ಹಲಗೆ ಕಟ್ಟುವುದು. ಏಳನೆಯ ಇಯತ್ತೆಯವರೆಗೆ ಓದಿದ್ದ. ಮಗಳು ಶಿವಕಾಂತಾ ಕಲಬುರಗಿಯ ಹಾಸ್ಟೆಲಿನಲ್ಲಿ ಉಳಿದು ಓದತೊಡಗಿದಾಗ, ಭೋಸರಿಯಲ್ಲಿ ಸೈಬರ್ ಅಂಗಡಿ ಇಟ್ಟಿದ್ದ ಅವರ ಪೈಕಿಯ ಜೈಭೀಮ ಇವರಿಗೊಂದು ಖಾತೆ ತೆರೆದುಕೊಟ್ಟ. ಫಾರ್ಮಿನಲ್ಲಿ ಹದಿನೇಳು ಖಾನೆಗಳು. ಒಂದು ಸಲ ತುಂಬುವಷ್ಟರಲ್ಲೇ ಸಾಕು ಸಾಕಾಯಿತು, ಮಗಳಿಗೆ ಬೇರೆಯದು ಯಾಕೆ, ಒಂದೇ ಮನೆಯಲ್ಲವೇ ಎಂದು ಅಷ್ಟಕ್ಕೇ ಬಿಟ್ಟರು. ಗುಪ್ತಪದವನ್ನು ಮಗಳಿಗೂ ಹೇಳಿದರು. ಅಂಬಾರಾಯ ರಜೆಯ ದಿನ ಜೈಭೀಮನ ಅಂಗಡಿಯಲ್ಲಿ ಕೂತು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಮಗಳಿಗೆ ಬರೆಯುತ್ತಿದ್ದ. ಬರೆದು ‘ಕರಡು’ ಒತ್ತಿ ಎದ್ದು ಬರುತ್ತಿದ್ದ. ಶನಿವಾರ ಅವಳು ಅಲ್ಲಿ ಅದನ್ನು ತೆರೆದು ಓದಿ, ತನ್ನದನ್ನು ಬೇರೊಂದೇ ಕರಡಿನಲ್ಲಿ ವಾರವಾರವೂ ಕೆಳಗೆ ಸೇರಿಸಿ ಇಡುತ್ತಿದ್ದಳು. ಹೋದ ವರ್ಷ ಕಾಮಾಲೆಯಾಗಿ ಅಂಬಾರಾಯ ತೀರಿಕೊಂಡ. ಆಮೇಲೆ ಶರಣಮ್ಮ ಹೇಳಿದ್ದನ್ನು ಜೈಭೀಮ ಮಗಳ ಅದೇ ಕರಡಿನ ಕೆಳಗೆ ಬರೆಯುತ್ತಿದ್ದ. ಅಪ್ಪನ ಹಳೆಯ ಪತ್ರಗಳು ಮಾತ್ರ ಹಾಗೇ ಇದ್ದವು. ಮಗಳು ಪ್ರತಿ ಶನಿವಾರ ಅವನ್ನು ಓದುತ್ತಿದ್ದಳು.

“ಮೊದಲ್ನೇ ವರ್ಷದ ಪರೀಕ್ಷಾದಾಗ ಮಾರ್ಕ್ಸ್ ಕಡಿಮಿ ಬಂದ್ವು. ನಾ ಸಿಟ್ಟಿಗೆದ್ದು ಬರಸಿದೆ, ದಿನಾ ಅಪ್ಪನ ಪತ್ರ ಓದಕೋತ ಕುಂತ್ರ ಪಾಸ್ ಆಗಂಗಿಲ್ಲ, ಬುಕ್ ಓದು ಅಂತ.” ಶರಣಮ್ಮ ಚೀಟಿಯನ್ನು ಮತ್ತೆ ಮಡಚಿದಳು. “ಈಗ ಅವೇ ಪತ್ರ ಇಲ್ಲ. ಉಳದಾವೆಲ್ಲ ಅದಾವ. ಯವ್ವನೇ ಅಳಿಸ್ಯಾಳ ಅಂತ ಜೈಭೀಮಗ ಫೋನ್ ಮಾಡಿ ಅಂದಾಳ. ಹಾಸ್ಟೆಲ್ಲಿಗಿ ಫೋನ್ ಹಚ್ಚಿದ್ರ ಬರಂಗಿಲ್ಲ. ಬರಿಯಂಗೂ ಇಲ್ಲ. ನನಗ ಓದಾಕ ಬರಂಗಿಲ್ಲ ಮ್ಯಾಡಂ, ನಾ ಹೆಂಗ ಅಳಸ್ಲಿ? ಜೈಭೀಮನ ಕೈಲೆ ಅಳಿಸಿರಬೇಕು ಅಂತಾಳಂತ.”

ತ್ರಿವೇಣಿ ಪರದೆಯ ಕಡೆ ತಿರುಗಿದಳು. “ಮಷೀನಿನ ತಪ್ಪಿಲೆ ಹಂಗ ಆಗಿರಬೇಕ್ರಿ,” ಅಂದಳು.

“ಮಷೀನಿಗಿ ಹೆಂಗ ಗೊತ್ತಾತ್ರಿ, ಇವು ಸತ್ತವನ ಪತ್ರ ಅಂತ? ಬರೇ ಅವನ್ನೇ ಆರಿಸಿ ತೆಗದಾದಲ್ರಿ.”

ಉತ್ತರ ತ್ರಿವೇಣಿಗೆ ಗೊತ್ತಿತ್ತು. ಬರೆದವನು ಸತ್ತ ಮೇಲೆ ಆ ಪತ್ರಗಳಿಗೆ ಯಾರೂ ಒಂದಕ್ಷರ ಸೇರಿಸಲಿಲ್ಲ. ಮಗಳು ಓದುತ್ತಿದ್ದಳು ಅಷ್ಟೇ. ಓದಿದ್ದನ್ನು ಪ್ರೋಗ್ರಾಮ್ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಯಾಕೆಂದರೆ ಹಿಡಿಯಬೇಕೆಂದು ತ್ರಿವೇಣಿಗೆ ತೋಚಿರಲಿಲ್ಲ. ಇದನ್ನು ಹೇಳುವ ಧೈರ್ಯ ಮಾತ್ರ ಆ ಹೊತ್ತಿಗೆ ಬರಲಿಲ್ಲ. ಒಂದು ವಿಷಯವನ್ನಷ್ಟೇ ಪರದೆಯಲ್ಲಿ ನೋಡಿ ಹೇಳಿದಳು.

“ನಿಮ್ಮ ಮಗಳು ಪೆಟ್ಟಿಗಿ ತೆಗಿಯೋದು ಬಿಟ್ಟಿಲ್ರಿ. ಪ್ರತಿ ಶನಿವಾರ ನಾಕ ಗಂಟೇಕ್ಕ ಬರ್ತಾಳ. ಹತ್ತು ನಿಮಿಷ ಇರ್ತಾಳ. ಏನೂ ಬರೀದೆ ಹೋಗ್ತಾಳ.”

“ಬರ್ತಾಳಾ?” ಶರಣಮ್ಮನ ಮುಖ ಅರಳಿತು. “ಬರ್ತಾಳಂದ್ರ ಸಾಕ್ರಿ.”

ಶನಿವಾರ ಮಧ್ಯಾಹ್ನ ಬರಲು ಹೇಳಿ ಅವಳನ್ನು ಕಳಿಸಿದ ಮೇಲೆ ತ್ರಿವೇಣಿ ಪ್ರಲ್ಹಾದರಾಯರ ಮುಂದೆ ಹೋಗಿ ನಿಂತಳು. ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಕೇಳುತ್ತ ಕೇಳುತ್ತ ಮೇಜಿನ ಮೇಲಿನ ಧೂಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದರು.

ಟಪಾಲಪೇಠದಲ್ಲಿ ನಾಲ್ಕು ಟೇಪುಗಳಿದ್ದವು. ಪ್ರತಿ ಶನಿವಾರ ಸಂಜೆ ಡಿಸ್ಕಿನಲ್ಲಿರುವುದನ್ನೆಲ್ಲ ಒಂದು ಟೇಪಿಗೆ ನಕಲು ಮಾಡಿ, ಪ್ರಲ್ಹಾದರಾಯರು ತಾವೇ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಐದನೆಯ ವಾರ ಮತ್ತೆ ಮೊದಲನೆಯ ಟೇಪಿನ ಸರದಿ, ಹಳೆಯದರ ಮೇಲೆ ಹೊಸದು. ಕರಡು ಅಳಿಸುವುದಕ್ಕೆ ಮುಂಚಿನ ಟೇಪು ಇನ್ನೂ ಇತ್ತು. ಆದರೆ ಬರುವ ಶನಿವಾರ ಸಂಜೆ ಅದೇ ಟೇಪಿನ ಸರದಿ.

“ಇನ್ನೆರಡು ದಿನ ತಡಾ ಮಾಡಿದ್ರ ಆ ಮನಶ್ಯಾನ ಮ್ಯಾಲೆ ನಾವs ಮಣ್ಣು ಹಾಕಿದಂಗ ಆಗ್ತಿತ್ತು,” ಅಂದರು ರಾಯರು. ಎದ್ದು ಬೀಗ ತೆಗೆದರು.

“ಸರ್, ಇವರದಷ್ಟೇ ಅಲ್ಲ, ಎಲ್ಲಾರದೂ ವಾಪಸ್ ಹಾಕಬೇಕ್ರಿ. ಇಂಥವರು ಇನ್ನೂ ಎಷ್ಟು ಮಂದಿ ಅದಾರೋ. ಅವರಿಗೆ ಸದಾಶಿವ ಪೇಠದ ತನಕ ಬರಲಿಕ್ಕೆ ಆಗಿಲ್ಲ, ಅಷ್ಟೇ.”

“ಎಲ್ಲಾರದೂ ಹಾಕಿದ್ರ ಡಿಸ್ಕ್ ತುಂಬತದ.”

“ತುಂಬತದ್ರಿ.”

ರಾಯರಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಹೊಸ ಡಿಸ್ಕಿಗೆ ಫೋನ್ ಮಾಡಿದರು.

ಶುಕ್ರವಾರ ಇಡೀ ದಿನ ಟೇಪು ಸುತ್ತಿತು. ಮೂರು ಗಂಟೆಯ ಸುಮಾರಿಗೆ ಅಂಬಾರಾಯನ ಇಪ್ಪತ್ತಾರು ಪತ್ರಗಳು ಒಂದರ ಕೆಳಗೊಂದು ಬಂದು ನಿಂತವು. ಅಕ್ಷರಗಳು ಕೆಡದೆ ಬಂದಿವೆಯೇ ಎಂದು ನೋಡಬೇಕಾಗಿ ತ್ರಿವೇಣಿ ಒಂದನ್ನಷ್ಟೇ ತೆರೆದಳು. ‘ಮಗಳೇ ಶಿವಕಾಂತಾ, ಇವತ್ತು ಏಳನೇ ಮಜಲಿಗೆ ಸ್ಲ್ಯಾಬ್ ಬಿತ್ತು. ಮ್ಯಾಲಿಂದ ನೋಡಿದರ ಭಾಳ ದೂರ ಕಾಣ್ತದ. ನೀ ಓದಿ ಇಂಥಾ ಕಟ್ಟಡದಾಗ ಕುರ್ಚಿ ಮ್ಯಾಲೆ ಕುಂದ್ರಬೇಕು’ ಎಂದಿತ್ತು. ತಟ್ಟನೆ ಮುಚ್ಚಿದಳು. ಕಣ್ಣು ತುಂಬಿತು. ಇದನ್ನು ತಾನು ಕಸವೆಂದು ಅಳಿಸಿದ್ದೆನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಶನಿವಾರ ಶರಣಮ್ಮ ಕೆಲಸಕ್ಕೆ ರಜೆ ಹಾಕಿ ಮೂರು ಗಂಟೆಗೇ ಬಂದಳು. ಅವಳು ಕೂರುವುದಕ್ಕೂ ಬಿಡದೆ ತ್ರಿವೇಣಿ ಹೇಳಿಬಿಟ್ಟಳು.

“ಅಕ್ಕಾರ, ಮಷೀನಿನ ತಪ್ಪಲ್ರಿ. ಅಳಿಸಿದ್ದು ನಾನು. ಮುಗಿಸದ ಪತ್ರ ಅಂದ್ರ ಯಾರಿಗೂ ಬ್ಯಾಡಾದದ್ದು ಅಂತ ತಿಳಕೊಂಡೆ. ಜಾಗಾ ಬೇಕಾಗಿತ್ತು.”

ಶರಣಮ್ಮ ಅವಳನ್ನು ದಿಟ್ಟಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಎಷ್ಟು ಜಾಗಾ ಹಿಡಿದಿತ್ರಿ ನಮ್ಮವಂದು?”

ತ್ರಿವೇಣಿ ಅದನ್ನೂ ನೋಡಿದ್ದಳು. “ಇಪ್ಪತ್ತಾರೂ ಸೇರಿ ಒಂದು ಫೋಟೋದಷ್ಟೂ ಇಲ್ರಿ.”

“ಹಂ,” ಅಂದಳು ಶರಣಮ್ಮ. ಕುರ್ಚಿ ಎಳೆದುಕೊಂಡು ಕೂತಳು.

ಪತ್ರಗಳು ವಾಪಸ್ ಬಂದಿವೆಯೆಂದು ತ್ರಿವೇಣಿ ಪರದೆ ತೋರಿಸಿದಳು. ಶರಣಮ್ಮ ಸಾಲುಗಳ ಮೇಲೆ ಕೈಯಾಡಿಸಿ ಎಣಿಸಿದಳು.

“ಓದಿ ಹೇಳ್ಲೇನ್ರಿ?”

“ಬ್ಯಾಡ್ರಿ. ಅವು ಆಕಿಗಿ ಬರದವು.” ಪರದೆಯಿಂದ ಕೈ ತೆಗೆದು ಮತ್ತೆ ಅಂದಳು, “ಆದ್ರ ತಂಗಿ, ಈಗ ಆಕಿ ನೋಡಿದ್ರ ಏನಂತಾಳ? ಯವ್ವ ಮುಚ್ಚಿಟ್ಟಿದ್ಲು, ಅಂಜಿ ತಿರುಗಿ ಇಟ್ಟಾಳ ಅಂತಾಳ. ನನಗ ಪತ್ರ ಬಂದ್ರ ಮುಗೀಲಿಲ್ಲ. ನಾ ಮಾಡಿಲ್ಲ ಅಂತ ಆಕಿಗಿ ಯಾರ ಹೇಳ್ಯಾರು?”

ಪ್ರಲ್ಹಾದರಾಯರು ‘ತಾಂತ್ರಿಕ ಕಾರಣಗಳಿಂದ ಉಂಟಾದ ಅನಾನುಕೂಲಕ್ಕೆ’ ಎಂದು ಶುರುವಾಗುವ ಪತ್ರವೊಂದನ್ನು ಬೆಳಿಗ್ಗೆಯೇ ಬರೆದುಕೊಟ್ಟಿದ್ದರು. ಆ ಹಾಳೆ ಮೇಜಿನ ಮೇಲೇ ಇತ್ತು. ತ್ರಿವೇಣಿ ಅದನ್ನು ಬದಿಗೆ ಸರಿಸಿ ಹೊಸದಾಗಿ ಬರೆದಳು.

‘ಶಿವಕಾಂತಾ, ನಾನು ತ್ರಿವೇಣಿ, ಟಪಾಲಪೇಠದಲ್ಲಿ ಕೆಲಸ ಮಾಡುವವಳು. ನಿನ್ನ ಅಪ್ಪನ ಪತ್ರಗಳನ್ನು ಅಳಿಸಿದ್ದು ನಾನು. ನಿನ್ನ ಅವ್ವ ಅಲ್ಲ, ಜೈಭೀಮ ಅಲ್ಲ. ಅವು ಏನು, ಯಾರವು ಎಂದು ನೋಡದೆ ಅಳಿಸಿದೆ. ನಿನ್ನ ಅವ್ವ ಭೋಸರಿಯಿಂದ ಎರಡು ಸಲ ನಮ್ಮನ್ನು ಹುಡುಕಿಕೊಂಡು ಬಂದಿದ್ದಕ್ಕೆ ಅವು ಉಳಿದವು. ಈಗಲೂ ನನ್ನ ಪಕ್ಕದಲ್ಲಿ ಕೂತಿದ್ದಾರೆ. ತಪ್ಪು ನನ್ನದು.’

ಬರೆದು ಅವರ ವಿಳಾಸಕ್ಕೆ ಕಳಿಸಹೊರಟಾಗ ಶರಣಮ್ಮ ಕೇಳಿದಳು, ಇದು ಎಲ್ಲಿ ಹೋಗಿ ಬೀಳುತ್ತದೆ ಎಂದು. ಬಂದ ಪತ್ರಗಳ ಜಾಗದಲ್ಲಿ ಎಂದಳು ತ್ರಿವೇಣಿ.

“ಅಲ್ಲಿ ಆಕಿ ನೋಡಂಗೇ ಇಲ್ಲ. ನಮ್ಮದೆಲ್ಲ ಒಂದೇ ಕಡಿ ಇರ್ತದ. ಅಲ್ಲೇ ಇಡ್ರಿ.”

ಅಲ್ಲಿ ಇಡಬೇಕಾದರೆ ಅವರ ಖಾತೆಯೊಳಗೇ ಹೋಗಬೇಕು. ಗುಪ್ತಪದವನ್ನು ಯಾರಲ್ಲೂ ಕೇಳಬಾರದೆಂಬುದು ಟಪಾಲಪೇಠದ ಮೊದಲ ನಿಯಮ, ಬರೆದವಳೂ ತ್ರಿವೇಣಿಯೇ. ಅವಳು ಹಿಂದೆ ಮುಂದೆ ನೋಡುವಷ್ಟರಲ್ಲಿ ಶರಣಮ್ಮ ಅದನ್ನು ಗಟ್ಟಿಯಾಗಿ ಹೇಳಿಯೂ ಆಗಿತ್ತು. ಪ್ರಲ್ಹಾದರಾಯರು ಕೇಳಿಸಿಕೊಳ್ಳದವರಂತೆ ಕಿಟಕಿಯ ಕಡೆ ತಿರುಗಿದರು.

ತ್ರಿವೇಣಿ ಪತ್ರವನ್ನು ಅಂಬಾರಾಯನ ಪತ್ರಗಳ ಮೇಲಿನ ಸಾಲಿನಲ್ಲಿ ಇಟ್ಟಳು. ನಾಲ್ಕು ಗಂಟೆಯಾಯಿತು. ಇಬ್ಬರೂ ಪರದೆ ನೋಡುತ್ತ ಕೂತರು. ತ್ರಿವೇಣಿ ನಿಮಿಷಕ್ಕೊಮ್ಮೆ ಪುಟವನ್ನು ಹೊಸದಾಗಿ ತೆರೆಯುತ್ತಿದ್ದಳು. ನಾಲ್ಕೂ ಐದು. ನಾಲ್ಕೂ ಹತ್ತು. ಕೆಳಗೆ ಹಪ್ಪಳದಂಗಡಿಯವನು ಯಾರೊಡನೆಯೋ ಮರಾಠಿಯಲ್ಲಿ ಜಗಳಾಡುತ್ತಿದ್ದ. ರಾಯರು ಮೂರು ಕಪ್ ಚಹಾ ತಂದಿಟ್ಟರು, ಯಾರೂ ಮುಟ್ಟಲಿಲ್ಲ. ಇವತ್ತೇ ಶಿವಕಾಂತಾ ಬರದಿದ್ದರೆ ಎಂದು ತ್ರಿವೇಣಿ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು.

ನಾಲ್ಕೂ ಇಪ್ಪತ್ತೆರಡಕ್ಕೆ ಆ ಪತ್ರದ ಪಕ್ಕದ ವೇಳೆ ಬದಲಾಯಿತು. ಯಾರೋ ಅದನ್ನು ತೆರೆದು, ಕೆಳಗೆ ಬರೆದು, ಮತ್ತೆ ಇಟ್ಟಿದ್ದರು. ತ್ರಿವೇಣಿ ತೆರೆದಳು. ಅವಳಿಗೆಂದು ಒಂದಕ್ಷರವೂ ಅಲ್ಲಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

“ಏನದ? ಓದು ತಂಗಿ.”

ತ್ರಿವೇಣಿ ಓದಿದಳು. “ಯವ್ವಾ, ಅಪ್ಪನ ಪತ್ರ ಹೋದ್ವು ಅಂತ ಅತ್ತಿದ್ದು ಒಂದೇ ದಿನ. ನೀ ಅಳಿಸಿದಿ ಅಂತ ತಿಳದು ಅತ್ತಿದ್ದು ಇಪ್ಪತ್ತು ದಿನ.”

ಶರಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜಗಳು ಅಲುಗಿದವು. ರಾಯರು ನೀರಿನ ಲೋಟ ಹಿಡಿದು ನಿಂತೇ ಇದ್ದರು. ಒಂದೆರಡು ನಿಮಿಷಕ್ಕೆ ಅವಳು ಮುಖ ಒರೆಸಿಕೊಂಡು ನೆಟ್ಟಗೆ ಕೂತಳು.

“ಕೆಳಗ ಬರಿ. ‘ಅಳಬ್ಯಾಡ. ನಾ ಏನೂ ಮನಸಿಗಿ ಹಚ್ಚಿಕೊಂಡಿಲ್ಲ’ ಅಂತ ಬರಿ.”

ತ್ರಿವೇಣಿ ಬರೆದಳು. ಬರೆದು ಮುಗಿಸಿದ ಕೂಡಲೇ ಅವಳ ಕೈ ರೂಢಿಯಂತೆ ‘ಕಳಿಸು’ ಗುಂಡಿಯ ಕಡೆ ಹೋಯಿತು. ಶರಣಮ್ಮ ಗಾಬರಿಯಿಂದ ಅವಳ ಮಣಿಕಟ್ಟು ಹಿಡಿದುಕೊಂಡಳು.

“ಎಲ್ಲಿಗಿ ಕಳಸ್ತಿ ತಂಗಿ? ಅಲ್ಲೇ ಇಡು. ಆಕಿ ಅಲ್ಲೇ ಕುಂತಾಳ.”